ಕಾಕಾ ಕೇಳಿದ ನೀರು

ನಮ್ಮ ಮೇಸ್ತ್ರಿ ಕಾಕಾ ಅವರ ಅಂಗೈಯನ್ನು ಸಿಮೆಂಟು ತಿಂದುಹಾಕಿತ್ತು. ಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ, ಬಿಸಿ ತಂಪು ತಿಳಿಯುತ್ತಿರಲಿಲ್ಲ. ಅದಕ್ಕೇ ಹೊಸ ಸ್ಲ್ಯಾಬನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ. ಮುಟ್ಟಿ ನನ್ನ ಕಡೆ ತಿರುಗಿ, "ನೀರಡಿಸ್ಯದ ಯವ್ವಾ, ಕುಡಸು" ಅನ್ನುತ್ತಿದ್ದರು.

ಮೊಮ್ಮಗಳು ಹುಟ್ಟಿದ ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೂ ಕೂಸನ್ನು ಎತ್ತಿಕೊಂಡಾಗೆಲ್ಲ ಅವರೇ ನೆನಪಾಗುತ್ತಾರೆ.

ಯಾದಗಿರಿ ಕಡೆಯಿಂದ ಬಂದು ಮರಾಠಿ ಸೀಮೆಯ ಕಾತ್ರಜದಲ್ಲಿ ಬಸ್ಸಿಳಿದ ನನಗೆ, ನನ್ನ ಗಂಡನಿಗೆ ಧನಕವಡಿಯ ಕಟ್ಟಡದಲ್ಲಿ ಕೆಲಸ ಕೊಡಿಸಿದವರು ಕಾಕಾ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಉಳಿದದ್ದನ್ನೆಲ್ಲ ಅವರಿಂದಲೇ ಕಲಿತೆ. ಸ್ಲ್ಯಾಬಿನ ಮೇಲೆ ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸಬೇಕು, ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ. ಒಮ್ಮೆ ನೀರು ಹೊಡೆಯುವ ಮೊದಲೇ ನಾನು ಬುತ್ತಿ ಬಿಚ್ಚಿದೆ. "ಕೂಸು ಅಳಾಕತ್ತಿದ್ರ ಅವ್ವ ರೊಟ್ಟಿ ಮುರೀತಾಳೇನು?" ಅಂದರು. ಎಲ್ಲರೂ ನಕ್ಕರು. ನಾನು ರೊಟ್ಟಿ ಕಟ್ಟಿಟ್ಟು ಕೊಡ ಎತ್ತಿದೆ.

ಒಂದು ದಿನ ಕಾಕಾ ಎದೆ ಹಿಡಿದುಕೊಂಡು ಇಟ್ಟಿಗೆಯ ರಾಶಿಗೆ ಒರಗಿ ಕೂತುಬಿಟ್ಟರು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಆಸ್ಪತ್ರೆಯಲ್ಲಿ ನಾನೇ ಪಕ್ಕದಲ್ಲಿ ಕೂತೆ. ನರದೊಳಗೆ ತಂತಿ ತೂರಿಸಿ, ಎಲ್ಲಿ ಕಟ್ಟಿಕೊಂಡಿದೆ ಎಂದು ಕಾಣಲು ಬಣ್ಣದ ಔಷಧ ಬಿಟ್ಟು, ಸ್ಪ್ರಿಂಗ್ ಹಾಕಿದರು. ಹೃದಯ ಉಳಿಯಿತು. ಎರಡನೆಯ ದಿನ ಉಚ್ಚೆ ನಿಂತಿತು.

ಡಾಕ್ಟರು ತಿಳಿಸಿ ಹೇಳಿದರು. ಕಾಕಾಗೆ ಸಕ್ಕರೆ ರೋಗ ಇತ್ತಂತೆ, ಅದು ನಮಗಾರಿಗೂ ಗೊತ್ತಿರಲಿಲ್ಲ. ಮೊದಲೇ ಸೋತಿದ್ದ ಕಿಡ್ನಿಗಳು ಆ ಬಣ್ಣವನ್ನು ತಡೆದುಕೊಳ್ಳಲಿಲ್ಲ. ಬಣ್ಣ ಬಿಡದಿದ್ದರೆ ಅವತ್ತೇ ಹೋಗುತ್ತಿದ್ದರು ಎಂದೂ ಹೇಳಿದರು. ಯಾರನ್ನು ಬೈಯಲಿ? ಉಚ್ಚೆ ತಿರುಗಿ ಬಂದರೆ ಉಳಿಯುತ್ತಾರೆ, ಅಲ್ಲಿಯವರೆಗೆ ದಿನಕ್ಕೆ ಎರಡೇ ಲೋಟ ನೀರು ಅಂದರು.

ಮಂಚಕ್ಕೆ ತೂಗುಬಿಟ್ಟ ಉಚ್ಚೆಯ ಖಾಲಿ ಚೀಲವನ್ನು ನೋಡುತ್ತ ಕೂತೆ. ಕಾಕಾನ ಕಾಲು ಬಾತಿದ್ದವು. ಒತ್ತಿದರೆ ಹಸಿ ಗಾರೆಯಲ್ಲಿ ಮೂಡಿದಂತೆ ಬೆರಳು ಮೂಡುತ್ತಿತ್ತು.

"ಯವ್ವಾ, ಒಂದು ಗುಟುಕು" ಅಂದರು.

ಇಲ್ಲ ಅಂದೆ. ಮತ್ತೆ ಕೇಳಿದರು. ಮೊದಲು ಚಮಚದಲ್ಲಿ ಕೊಟ್ಟೆ, ಆಮೇಲೆ ತಲೆ ಎತ್ತಿ ಹಿಡಿದು ಬಾಟಲಿಯಿಂದಲೇ ಕುಡಿಸಿದೆ. ನೀರು ಹಾಕದೆ ಉಚ್ಚೆ ಬರುವುದಾದರೂ ಎಲ್ಲಿಂದ ಅನಿಸಿತ್ತು ನನಗೆ. ಸಂಜೆಗೆ ಆ ನೀರು ಎದೆಗೇರಿ ಅವರಿಗೆ ಉಸಿರೇ ಸಿಗದಾಯಿತು. ಓಡಿಬಂದ ನರ್ಸು ಖಾಲಿ ಬಾಟಲಿ ಹಿಡಿದು, ನೀರು ಕೊಟ್ಟವರು ಯಾರು ಎಂದು ಮರಾಠಿಯಲ್ಲಿ ಕೇಳಿದಳು.

ಕಾಕಾ ಮೂಗಿನ ಮೇಲಿದ್ದ ಮಾಸ್ಕ್ ಸರಿಸಿ, "ಮೀಚ್ ಪ್ಯಾಲೋ, ಸಿಸ್ಟರ್" ಅಂದರು. ನಾನೇ ಕುಡಿದೆ ಎಂದು. ಬಾಟಲಿ ಎತ್ತಲು ಆ ಕೈಯಲ್ಲಿ ಶಕ್ತಿ ಇರಲಿಲ್ಲ. ಬೈಗಳೆಲ್ಲ ಅವರ ಪಾಲಿಗೇ ಬಿದ್ದವು. ನರ್ಸು ಆಚೆ ಹೋದ ಮೇಲೆ ನನ್ನನ್ನು ನೋಡಿ, "ನೀ ಚಲೋನ ಕುಡಸಿದಿ ಯವ್ವಾ. ಸ್ಲ್ಯಾಬೇ ಹಳೇದಾಗ್ಯದ" ಅಂದರು.

ಮಷಿನ್ ಹಚ್ಚಿ ಎರಡು ಸಲ ರಕ್ತ ತೊಳೆದರು. ಮೂರನೆಯ ಸಲಕ್ಕೆ ಕಾಕಾ ಇರಲಿಲ್ಲ. ನನ್ನ ನೀರಿನಿಂದಲೇ ಹೋದರೋ, ಹೇಗೂ ಹೋಗುತ್ತಿದ್ದರೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಹೋದ ವಾರ ಮಗಳು ಹೆತ್ತಳು. ಕೂಸು ಮೊದಲ ದಿನವೆಲ್ಲ ಉಚ್ಚೆ ಹೊಯ್ಯಲಿಲ್ಲ. ಬೆಲ್ಲದ ನೀರು ನೆಕ್ಕಿಸು ಎಂದು ಬೀಗತಿ ಬಟ್ಟಲು ಹಿಡಿದು ನಿಂತಳು. ನಾನು ಬಟ್ಟಲು ಕಸಿದು ಇಟ್ಟೆ, ಹೋಗಿ ಸಿಸ್ಟರನ್ನು ಕೇಳಿದೆ. ಎದೆಹಾಲೊಂದೇ ಸಾಕು, ಕಾಯಿರಿ ಅಂದರು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಕಾದೆ. ಮತ್ತೆ ಅದೇ ಕಾಯುವುದು.

ಬೆಳಗಿನ ಜಾವ ಮಡಿಲು ಬೆಚ್ಚಗಾಯಿತು. ಸೀರೆ ಬದಲಿಸು ಎಂದು ಎಲ್ಲರೂ ಅಂದರು. ನಾನು ಏಳಲಿಲ್ಲ. ಆ ಒದ್ದೆಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿದೆ.