ಅಮ್ಮನ ಎಡಗಣ್ಣಿನ ಬಣ್ಣಗಳು

ಅಮ್ಮನ ಕಣ್ಣಿಗೆ ಪೊರೆ ಬೆಳೆಯುತ್ತಿದ್ದ ವರ್ಷ ನಾನು ಅದನ್ನು ಕವಿತೆ ಎಂದುಕೊಂಡಿದ್ದೆ. ಮನೆಯಲ್ಲಿ ಒಬ್ಬಳು ದೃಷ್ಟಿ ಕಳೆದುಕೊಳ್ಳುತ್ತಿದ್ದಾಳೆ, ಇನ್ನೊಬ್ಬಳು ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಆಹಾ, ಬಣ್ಣಕ್ಕೆ ಎಂಥ ಹೆಸರು ಎಂದು ಬರೆದುಕೊಳ್ಳುತ್ತಿದ್ದಾಳೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಹಿಂದೆಯೇ ಕರುಳು ಚುರ್ ಅನ್ನುತ್ತದೆ. ಆದರೆ ಆ ಮಧ್ಯಾಹ್ನಗಳು ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ತೇಲುತ್ತಿದ್ದವು, ಅಷ್ಟು ಚೆನ್ನಾಗಿದ್ದವು. ಸುಳ್ಳು ಯಾಕೆ ಹೇಳಲಿ.

ನಮ್ಮ ಮನೆ ಮದರಾಸಿನ ಪುರಸೈವಾಕ್ಕಂನಲ್ಲಿ, ಜವಳಿ ಅಂಗಡಿಗಳ ಹಿಂದಿನ ಬೀದಿಯಲ್ಲಿ, ಎರಡನೇ ಮಹಡಿ. ಅಪ್ಪ ರೈಲ್ವೆಯಲ್ಲಿದ್ದಾರೆ, ಬೆಳಿಗ್ಗೆ ಎಗ್ಮೋರ್ ಸ್ಟೇಷನ್ನಿಗೆ ಹೋದರೆ ಮನೆಗೆ ಬರುವುದು ದೀಪ ಹಚ್ಚಿದ ಮೇಲೆ. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ಸೀರೆಗೆ ಫಾಲ್ಸ್ ಹಾಕುತ್ತಾಳೆ, ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಅವಳು ಹಾಸನದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಅವಳ ಕನ್ನಡಕ್ಕೆ ಮದರಾಸಿನ ಬಿಸಿಲು ತಾಗಿಲ್ಲ. ನಾನು ಹುಟ್ಟಿದ್ದೇ ಇಲ್ಲಿ. ಬೇಸಿಗೆ ರಜದಲ್ಲಿ ವಾರಪತ್ರಿಕೆ ಓದಿಸಿ ಅಮ್ಮ ನನಗೆ ಕನ್ನಡ ಕಲಿಸಿದ್ದಳು, ಹಾಗಾಗಿ ಓದು ಬರಹಕ್ಕೆ ತೊಂದರೆಯಿಲ್ಲ. ನಾಲಗೆಗೆ ಮಾತ್ರ ಸೋಮಾರಿತನ. ಅವಳು ಕನ್ನಡದಲ್ಲಿ ಕೇಳುವುದು, ನಾನು ತಮಿಳಿನಲ್ಲಿ ಉತ್ತರ ಕೊಡುವುದು, ನಮ್ಮಂಥ ಮನೆಗಳು ನಡೆಯುವುದೇ ಹೀಗೆ.

ನಾನಾಗ ಅಡ್ಯಾರಿನ ಕಡೆಯ ಒಂದು ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಕೊನೆಯ ವರ್ಷ ಓದುತ್ತಿದ್ದೆ. ಕೊನೆಯ ವರ್ಷಕ್ಕೆ ಒಂದೇ ದೊಡ್ಡ ಪ್ರಾಜೆಕ್ಟ್. ವಸ್ತು ನಮ್ಮದೇ ಆಗಿರಬೇಕು, ಇನ್ನೊಬ್ಬರು ಮಾಡಲಾಗದಂಥದ್ದಾಗಿರಬೇಕು ಎಂದು ನಮ್ಮ ಗೈಡ್ ಮೇಡಂ ಹೇಳಿದ್ದರು. ಮೆಲುಮಾತಿನ ಹೆಂಗಸು. ಬೇಡ ಅನ್ನುವುದನ್ನೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅನ್ನುತ್ತಿದ್ದರು. ಮೊದಲು ನಾನು ಮುಚ್ಚಿಹೋದ ಹಳೆಯ ಟಾಕೀಸುಗಳ ಬಗ್ಗೆ ಪೋಸ್ಟರ್ ಸರಣಿ ಮಾಡುತ್ತೇನೆ ಎಂದೆ. ಅದರಲ್ಲಿ ಯಾವ ಟಾಕೀಸಿಗೆ ನೀನು ಹೋಗಿದ್ದೀಯ ಎಂದು ಕೇಳಿದರು. ಒಂದಕ್ಕೂ ಹೋಗಿರಲಿಲ್ಲ. ಆಮೇಲೆ ಫಿಲ್ಟರ್ ಕಾಫಿಯ ಲೋಟ ಬಟ್ಟಲು ಎಂದೆ. ಪಾಪ, ಅವರಿಗೆ ನಗು ತಡೆಯಲಾಗಲಿಲ್ಲ. ಆ ವರ್ಷ ಅವರ ಮೇಜಿಗೆ ಬಂದ ನಾಲ್ಕನೇ ಕಾಫಿ ಲೋಟ ಅದು. ಅವತ್ತು ಮನೆಗೆ ಬಂದವಳೇ ಊಟ ಬೇಡ ಎಂದು ಗೋಡೆ ಕಡೆ ತಿರುಗಿ ಮಲಗಿದೆ.

ಐಡಿಯಾ ಅನ್ನುವುದು ನನಗೆ ಕೂತು ಯೋಚಿಸಿದರೆ ಬರುವುದಿಲ್ಲ. ಮಲಗಬೇಕು. ಅದೂ ಮಧ್ಯಾಹ್ನ, ತಣ್ಣಗಿನ ಮೊಸಾಯಿಕ್ ನೆಲದ ಮೇಲೆ, ಮೇಲೆ ಫ್ಯಾನು ತಿರುಗುತ್ತಿರಬೇಕು, ಬೀದಿಯ ಹಾರನ್ನು ದೂರದಿಂದ ಬಂದ ಹಾಗೆ ಕೇಳಿಸಬೇಕು. ಅಮ್ಮನಿಗೆ ಇದು ದೊಡ್ಡ ತಮಾಷೆ. ಹಗಲುಗನಸು ಕಾಣುವುದಕ್ಕೂ ಡಿಗ್ರಿ ಕೊಡುತ್ತಾರಾ ಎಂದು ಬಂದವರ ಮುಂದೆಲ್ಲ ಕೇಳುತ್ತಿದ್ದಳು. ಕೇಳಲಿ. ನಾನು ಗಾಳಿಗೋಪುರ ಕಟ್ಟುತ್ತಲೇ ಮಲಗಿರುತ್ತಿದ್ದೆ, ಅವಳ ಹೊಲಿಗೆ ಯಂತ್ರ ಟಕಟಕ ಅನ್ನುತ್ತಿತ್ತು, ರವಿಕೆಯ ತುಂಡುಬಟ್ಟೆಗಳು ಫ್ಯಾನಿನ ಗಾಳಿಗೆ ಎದ್ದು ನನ್ನ ಹೊಟ್ಟೆಯ ಮೇಲೆ ಬಂದು ಕೂರುತ್ತಿದ್ದವು.

ದೀಪಾವಳಿ ಕಳೆದ ಮೇಲೆ ಅಂಥದ್ದೇ ಒಂದು ಮಧ್ಯಾಹ್ನ ಒಂದು ತುಂಡನ್ನು ಎತ್ತಿ ಹಿಡಿದು ಇದು ಯಾವ ಬಣ್ಣ ಎಂದು ಸುಮ್ಮನೆ ಕೇಳಿದೆ. ಈರುಳ್ಳಿ ಸಿಪ್ಪೆ ಎಂದಳು. ಇನ್ನೊಂದು ಜಂಬುನೇರಳೆ. ಇನ್ನೊಂದು ಮಾವಿನ ಚಿಗುರು. ಇವೆಲ್ಲ ಅವಳ ಊರಿನ ಹೆಂಗಸರ ಬಾಯಲ್ಲಿದ್ದ ಹೆಸರುಗಳು, ನಾನೂ ಕೇಳಿದ್ದೆ. ಆಮೇಲೆ ತಿಳಿನೇರಳೆಯ ರೇಷ್ಮೆ ತುಂಡೊಂದು ಸಿಕ್ಕಿತು. ಅಮ್ಮ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ಹೇಳಿದಳು: "ಸುಟ್ಟ ಬದನೆಕಾಯಿ."

ನಾನು ಎದ್ದು ಕೂತೆ. ತಿಳಿನೀಲಿಗೆ ಹೊಗೆ ಎಂದಳು. ಹಾಲುಬಿಳುಪಿನ ಲೈನಿಂಗ್ ಬಟ್ಟೆಗೆ ಕಾದಾರಿದ ತುಪ್ಪ ಎಂದಳು. ಯಾವ ಪುಸ್ತಕದಲ್ಲೂ, ಯಾವ ಕಂಪನಿಯ ಬಣ್ಣದ ಪಟ್ಟಿಯಲ್ಲೂ ಇಂಥ ಹೆಸರು ನಾನು ಕಂಡಿರಲಿಲ್ಲ. ನಮ್ಮ ಜನ ಬಣ್ಣವನ್ನು ನೋಡಿದ ಬಗೆಯೇ ಬೇರೆ, ಅದು ಅಮ್ಮನ ಜೊತೆ ಸದ್ದಿಲ್ಲದೆ ಮದರಾಸಿಗೆ ಬಂದುಬಿಟ್ಟಿದೆ ಎಂದು ನನಗೆ ಮೈ ಜುಂ ಅಂದಿತು. ಮರುದಿನ ಮೇಡಂಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದು ನಿನ್ನದು, ಹೋಗಿ ಮಾಡು ಎಂದರು.

ಆಮೇಲಿನ ಎರಡು ತಿಂಗಳನ್ನು ಹೇಗೆ ಹೇಳಲಿ. ಊಟವಾದ ಮೇಲೆ ಅಮ್ಮ ಯಂತ್ರ ಮುಚ್ಚಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ನಾನು ತುಂಡುಬಟ್ಟೆಗಳನ್ನು ರಟ್ಟಿಗೆ ಅಂಟಿಸಿ ಒಂದೊಂದಾಗಿ ಕೊಡುತ್ತಿದ್ದೆ. ತಮಿಳಿನಲ್ಲಿ ಕೇಳಿದರೆ ಹೆಸರು ತಮಿಳಿನಲ್ಲಿ ಬಂದುಬಿಟ್ಟೀತು ಎಂದು ನಾನೂ ಕನ್ನಡವನ್ನೇ ಆಡುತ್ತಿದ್ದೆ. ಒಂದು ಬಣ್ಣದಿಂದ ಅವಳು ತನ್ನ ಅಜ್ಜಿಯ ಸೀರೆಗೆ ಹೋಗುತ್ತಿದ್ದಳು, ಅಲ್ಲಿಂದ ಕೆರೆಗೆ, ಕೆರೆಯಿಂದ ಯಾರದೋ ಮದುವೆಗೆ. ನಾಲ್ಕು ಗಂಟೆಯ ಹೊತ್ತಿಗೆ ಕಡಲಿನ ಗಾಳಿ ಬೀದಿಯ ಸಂದಿನಲ್ಲಿ ಹಾದಿ ಮಾಡಿಕೊಂಡು ಬಂದು ಪರದೆ ಎತ್ತುತ್ತಿತ್ತು. ಕೋಣೆಯ ತುಂಬ ಬಣ್ಣಗಳು ತಿರುಗಾಡುತ್ತಿದ್ದವು, ನಾನು ಯಾವ ಊರಿನಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಅಮ್ಮ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ಪೋಣಿಸಿ ಕೊಟ್ಟು ಮತ್ತೆ ಕನಸಿಗೆ ಹೋಗುತ್ತಿದ್ದೆ. ಕಣ್ಣಿದ್ದೂ ಕುರುಡಿ ಅಂತಾರಲ್ಲ, ಆ ಮನೆಯಲ್ಲಿ ಅದು ನಾನೇ.

ಗೊತ್ತಾದದ್ದು ಒಂದು ಮಧ್ಯಾಹ್ನ, ನಮ್ಮ ಬೀದಿಯ ತುದಿಯ ಮ್ಯಾಚಿಂಗ್ ಸೆಂಟರಿನಲ್ಲಿ. ರವಿಕೆ ಬಟ್ಟೆ ಆರಿಸುವುದಕ್ಕೆ ಹೆಂಗಸರಲ್ಲಿ ಒಂದು ಪದ್ಧತಿ ಇದೆ. ಅಂಗಡಿಯೊಳಗಿನ ದೀಪವನ್ನು ಯಾರೂ ನಂಬುವುದಿಲ್ಲ. ಬಟ್ಟೆಯನ್ನೂ ಸೀರೆಯನ್ನೂ ಹೊಸಿಲಿನ ಆಚೆ ತಂದು ಬಿಸಿಲಿಗೆ ಹಿಡಿದು, ಒಂದರ ಮೇಲೊಂದು ಇಟ್ಟು ನೋಡಿದ ಮೇಲೆಯೇ ಕತ್ತರಿ ಹಾಕಿಸುವುದು. ಅಂಗಡಿಯವರೂ ಕೇಳದೆಯೇ ಬಟ್ಟೆಯನ್ನು ಕೈಗೆ ಕೊಟ್ಟು ಕಳಿಸುತ್ತಾರೆ. ಅವತ್ತು ನಮ್ಮ ಕಟ್ಟಡದ ಒಬ್ಬರ ಸೀರೆ, ಮಗಳ ಮದುವೆಗೆ ಉಡುವುದು, ಗಾಢ ನೀಲಿ. ಅಮ್ಮ ಒಂದು ಬಟ್ಟೆಯನ್ನು ಹೊರಗೆ ತಂದಳು. ನೆತ್ತಿ ಸುಡುವ ಬಿಸಿಲು. ಸೀರೆಯ ಮೇಲೆ ಬಟ್ಟೆ ಇಟ್ಟು ಎರಡು ಕಡೆ ತಿರುಗಿಸಿ ನೋಡಿ, ಸರಿಹೋಯ್ತು, ಒಂದು ಮೀಟರ್ ಕತ್ತರಿಸಿ ಎಂದಳು.

ಬಟ್ಟೆ ಕಪ್ಪಗಿತ್ತು. ಕತ್ತರಿ ಹಿಡಿದವರು ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಅವಳ ಕಿವಿಯ ಹತ್ತಿರ ಬಾಗಿ, ಅಮ್ಮ, ಒಂದು ನೀಲಿ, ಒಂದು ಕಪ್ಪು ಎಂದೆ. ಅವಳು ಮತ್ತೊಮ್ಮೆ ನೋಡಿ, ಹೌದಾ, ಇವತ್ತು ಯಾಕೋ ತಲೆ ಸುತ್ತುತ್ತಿದೆ ಎಂದು ಬಟ್ಟೆಯನ್ನು ಮಡಿಸಿದಳು. ಸುಟ್ಟ ಬದನೆಕಾಯಿ, ಹೊಗೆ, ಕಾದಾರಿದ ತುಪ್ಪ ಎಲ್ಲವೂ ಒಟ್ಟಿಗೆ ಅರ್ಥವಾದವು. ಅವಳು ಹೆಸರು ಕಟ್ಟುತ್ತಿರಲಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದಳು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಸಕ್ಕರೆ ಕಾಯಿಲೆ ಇದ್ದವರಿಗೆ ಬೇಗ ಬರುತ್ತದಂತೆ. ಪೊರೆ ಹಳದಿಯಾಗುತ್ತ ಹೋದ ಹಾಗೆ ಮೊದಲು ಮಾಸುವುದು ನೀಲಿ, ನೇರಳೆ. ಆಪರೇಷನ್ ಮಾಡಿದರೆ ಸರಿಹೋಗುತ್ತದೆ, ಇನ್ನೂ ಬಿಟ್ಟರೆ ಕಷ್ಟ ಎಂದರು. ಅಮ್ಮ ಬೇಡ ಎಂದಳು. ಅವಳ ತಾಯಿಗೆ ಊರಿನಲ್ಲಿ ಹೀಗೇ ಕಣ್ಣಿನ ಆಪರೇಷನ್ ಆಗಿ, ಕೀವು ತುಂಬಿ, ಒಂದು ಕಣ್ಣು ಪೂರ್ತಿ ಹೋಗಿತ್ತು. ಮಬ್ಬಾದರೂ ಇರುವುದು ಇರಲಿ ಎಂಬುದು ಅವಳ ಲೆಕ್ಕ. ಅಪ್ಪ ಹೇಳಿ ಸೋತರು. ನಾನು ಜಗಳವಾಡಿದೆ, ಅತ್ತು ಕರೆದೆ, ಎರಡು ದಿನ ಮಾತು ಬಿಟ್ಟೆ. ಅವಳು ಜಗ್ಗಲಿಲ್ಲ.

ಕೊನೆಗೆ ನನಗೆ ಸಿಟ್ಟು ನೆತ್ತಿಗೇರಿ ರಟ್ಟುಗಳನ್ನೆಲ್ಲ ಒಂದು ಚೀಲಕ್ಕೆ ತುರುಕಿದೆ. ನನಗೆ ಈ ಪ್ರಾಜೆಕ್ಟೇ ಬೇಡ, ನಾಳೆ ಹೋಗಿ ಬಿಟ್ಟುಬಿಡುತ್ತೇನೆ, ನಿನ್ನ ಕಾಯಿಲೆಯನ್ನು ಪೋಸ್ಟರ್ ಮಾಡಿ ನಾನು ಪಾಸಾಗಬೇಕಾಗಿಲ್ಲ ಎಂದೆ. ಅಮ್ಮ ಚೀಲವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಅಷ್ಟು ಕೆಲಸ ಮಾಡಿ ಯಾರಾದರೂ ಬಿಡುತ್ತಾರಾ, ನಡಿ ಆಸ್ಪತ್ರೆಗೆ ಎಂದಳು. ಅಂತೂ ನನ್ನ ಹಟ ಗೆದ್ದಿತು ಎಂದುಕೊಂಡೆ.

ಮೊದಲು ಬಲಗಣ್ಣು. ಎಡಗಣ್ಣಿಗೆ ಕೆಲವು ವಾರ ಬಿಟ್ಟು. ಆ ದಿನ ನಾನೂ ಅಪ್ಪನೂ ಬಾಗಿಲ ಹೊರಗೆ ಕೂತಿದ್ದೆವು. ಮರುದಿನ ಪಟ್ಟಿ ಬಿಚ್ಚಿ ಮನೆಗೆ ಕರೆತಂದೆವು. ಕಪ್ಪು ಕನ್ನಡಕ ಸರಿಸಿ ಅವಳು ಮೊದಲು ನೋಡಿದ್ದು ಬಾಲ್ಕನಿಯಲ್ಲಿ ಒಣಗುತ್ತಿದ್ದ ಅಪ್ಪನ ಪಂಚೆಯನ್ನು. ಅದಕ್ಕೆ ಯಾಕೆ ಅಷ್ಟು ನೀಲಿ ಹಾಕಿದ್ದೀಯ ಎಂದು ನನಗೇ ಬೈದಳು. ನಾನು ನೀಲಿಯನ್ನು ಮುಟ್ಟಿಯೇ ಇರಲಿಲ್ಲ. ಅದು ಬರೀ ಬಿಳಿ. ಅವಳು ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದಳು, ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದಳು, ಮತ್ತೆ ಮತ್ತೆ ನೋಡಿದಳು. ಮಗುವಿನ ಹಾಗೆ ನಗತೊಡಗಿದಳು. ಅಡುಗೆಮನೆಯ ಕಪಾಟಿನ ಧೂಳು ಕಂಡಿತು, ಅದಕ್ಕೂ ಬೈಸಿಕೊಂಡೆ. ಕನ್ನಡಿಯಲ್ಲಿ ಅವಳ ಮುಖದ ಸುಕ್ಕು ಕಂಡಾಗ ಮಾತ್ರ ಯಾರಿಗೂ ಬೈಯಲಿಲ್ಲ.

ಅವತ್ತು ನೆಲದ ಮೇಲೆ ಮಲಗಿದ್ದಾಗ ನನಗೆ ಹೊಳೆಯಿತು. ಎರಡನೇ ಆಪರೇಷನ್ ಆಗುವವರೆಗೆ ಮಾತ್ರ ಅಮ್ಮನಿಗೆ ಎರಡು ಲೋಕವೂ ಇದೆ. ಆಮೇಲೆ ಹಳೆಯದು ಯಾರಿಗೂ ಸಿಗುವುದಿಲ್ಲ, ಅವಳಿಗೂ ಸಿಗುವುದಿಲ್ಲ. ಎರಡು ಕಣ್ಣಿನ ಬಣ್ಣಗಳನ್ನೂ ಜೊತೆಗಿಟ್ಟು ಪುಸ್ತಕ ಮಾಡುತ್ತೇನೆ ಎಂದೆ, ಮೇಡಂ ಒಪ್ಪಿದರು. ಡಾಕ್ಟರಮ್ಮನನ್ನು ಕೇಳಿಕೊಂಡು, ಕಣ್ಣು ಸ್ವಲ್ಪ ಮಾಯ್ದ ಮೇಲೆ ದಿನಕ್ಕೆ ಒಂದಿಷ್ಟು ಹೊತ್ತು ಕೂತೆವು. ಅಮ್ಮ ಬಟ್ಟೆಯ ತುಂಡನ್ನು ಎಡಗಣ್ಣಿನಲ್ಲಿ ನೋಡುತ್ತಿದ್ದಳು, ಆಮೇಲೆ ಲ್ಯಾಪ್‌ಟಾಪಿನ ಪರದೆಯನ್ನು ಬಲಗಣ್ಣಿನಲ್ಲಿ. ಎರಡೂ ಒಂದೇ ಆಗುವವರೆಗೆ ನಾನು ಪರದೆಯ ಬಣ್ಣವನ್ನು ಬದಲಿಸುತ್ತಿದ್ದೆ. ಇನ್ನೂ ಸ್ವಲ್ಪ ಹಳದಿ, ಇನ್ನೂ ಸ್ವಲ್ಪ ಮಣ್ಣು, ಸಾಕು ನಿಲ್ಲಿಸು ಅನ್ನುತ್ತಿದ್ದಳು. ಹೀಗೆ ಪುಸ್ತಕವಾಯಿತು. ಎಡಪುಟದಲ್ಲಿ ಎಡಗಣ್ಣು ಕಂಡ ಬಣ್ಣ, ಅದರ ಹೆಸರು. ಬಲಪುಟದಲ್ಲಿ ಅದೇ ಬಟ್ಟೆ, ಬಲಗಣ್ಣು ಕಂಡ ಹಾಗೆ. ಕಾಲೇಜಿನಲ್ಲಿ ಎಲ್ಲರೂ ಮೆಚ್ಚಿದರು, ಒಬ್ಬರು ಕಣ್ಣೊರೆಸಿಕೊಂಡರು. ನಾನು ಪಾಸಾದೆ.

ಎರಡನೇ ಆಪರೇಷನ್ನೂ ಚೆನ್ನಾಗಿ ಆಯಿತು. ಒಂದು ಮಧ್ಯಾಹ್ನ ಅಮ್ಮ ಆ ಪುಸ್ತಕ ತಾ ಎಂದಳು. ಕಿಟಕಿಯ ಪಕ್ಕ ಕೂತು ಒಂದೊಂದೇ ಪುಟ ತಿರುಗಿಸಿದಳು. ಎಡಪುಟಗಳನ್ನು ಎರಡು ಹೊಸ ಕಣ್ಣಿನಲ್ಲಿ ನೋಡುತ್ತಿದ್ದುದು ಅದೇ ಮೊದಲು. ಇಷ್ಟು ಮಬ್ಬಾಗಿತ್ತಾ ಎಂದು ತನಗೇ ಹೇಳಿಕೊಂಡಳು. ಕಣ್ಣು ಮಬ್ಬಾಗುತ್ತಿದೆ ಎಂದು ನಿನಗೆ ಒಂದು ದಿನವೂ ಅನುಮಾನ ಬರಲಿಲ್ಲವಾ ಎಂದು ನಾನು ಕೇಳಿದೆ, ತಮಿಳಿನಲ್ಲೇ.

ಅವಳು ಪುಟದ ಮೇಲಿಂದ ತಲೆಯೆತ್ತಲಿಲ್ಲ.

"ಗೊತ್ತಿತ್ತು ಕಣೇ. ದೀಪಾವಳಿ ಹೊತ್ತಿಗೇ ಗೊತ್ತಾಗಿತ್ತು. ಅಷ್ಟರಲ್ಲಿ ನೀನು ಬಣ್ಣದ ಹೆಸರು ಕೇಳ್ಕೊಂಡು ಪಕ್ಕದಲ್ಲಿ ಬಂದು ಕೂತ್ಕೊಂಡೆ. ನೀನು ನನ್ನ ಹತ್ರ ಕೂತು ಕನ್ನಡದಲ್ಲಿ ಮಾತಾಡಿ ಎಷ್ಟು ವರ್ಷ ಆಗಿತ್ತು ಹೇಳು. ಕಣ್ಣು ಮಂಜು ಅಂದಿದ್ರೆ ಎದ್ದು ಹೋಗ್ತಿದ್ದೆ. ಇನ್ನೊಂದು ನಾಲ್ಕು ದಿನ ಕೂತಿರ್ಲಿ, ಆಮೇಲೆ ಹೇಳೋಣ ಅಂತ ಸುಮ್ನಿದ್ದೆ."

ಅಮ್ಮ ತನ್ನ ಕಣ್ಣನ್ನೇ ಪಣಕ್ಕಿಟ್ಟಿದ್ದಳು, ಯಾವ ಪ್ರಾಜೆಕ್ಟಿಗೂ ಅಲ್ಲ, ನನ್ನ ನಾಲ್ಕು ಕನ್ನಡ ಮಾತಿಗೆ. ಬಾಯಿಗೆ ಬಂದದ್ದು ತಮಿಳೇ, ಅದನ್ನು ನುಂಗಿಕೊಂಡೆ. ಅವಳ ಪಕ್ಕ ಚಾಪೆಯ ಮೇಲೆ ಕೂತು, ಆ ವರ್ಷವೆಲ್ಲ ಇನ್ನೂ ಏನೇನು ಕಾಣುತ್ತಿರಲಿಲ್ಲ, ನನ್ನ ಮುಖ ಹೇಗೆ ಕಾಣುತ್ತಿತ್ತು ಎಂದು ಕನ್ನಡದಲ್ಲಿ ಕೇಳಿದೆ. ಅಮ್ಮ ಪುಸ್ತಕ ಮುಚ್ಚಿ ಹೇಳತೊಡಗಿದಳು.