ತಮ್ಮನ ಬದಲು ನಾನು ಕೊಟ್ಟ ಉತ್ತರ

ಇಟ್ಟಿಗೆ ಕೊಯ್ಯುವ ಕೆಲಸಕ್ಕೆ ಮೇಸ್ತ್ರಿ ಜೋಡಿಯನ್ನೇ ಕರೆದೊಯ್ಯುತ್ತಾನೆ. ಒಬ್ಬರು ಮಣ್ಣಿನ ಮುದ್ದೆ ಕಟ್ಟಿಕೊಡಬೇಕು, ಇನ್ನೊಬ್ಬರು ಅಚ್ಚಿಗೆ ಹಾಕಿ ಸಾಲು ಇಡಬೇಕು. ಒಬ್ಬರು ಬಿದ್ದರೆ ಇಬ್ಬರೂ ಊರಿಗೆ. ಗಂಡ ತೀರಿಕೊಂಡ ಮೇಲೆ ನಾನು ತಮ್ಮನನ್ನು ಜೋಡಿ ಮಾಡಿಕೊಂಡು ಜಗಳೂರಿನಿಂದ ಹೊನ್ನಾಳಿ ಕಡೆಯ ಇಟ್ಟಿಗೆ ಭಟ್ಟಿಗೆ ಹೋದೆ.

ಮೂರನೇ ವರ್ಷ ಅವನ ಕೈ ನಡುಗತೊಡಗಿತು. ಮೊದಲು ಸಂಜೆ ಮಾತ್ರ ಕುಡಿಯುತ್ತಿದ್ದವನು, ಈಗ ಬೆಳಿಗ್ಗೆ ಒಂದು ಗುಟುಕು ಬೀಳದಿದ್ದರೆ ಅಚ್ಚು ಹಿಡಿಯಲಾರ. ಮೇಸ್ತ್ರಿ ಸಾಲು ನೋಡಿ ನಕ್ಕ.

"ಏನಲೇ, ನಿನ್ನ ಇಟ್ಟಿಗೆ ಕುಣಿಯಾಕೆ ಹೊಂಟಾವಲ್ಲೋ! ನಾಳೆ ನೆಟ್ಟಗಾಗ್ಲಿಲ್ಲಾಂದ್ರೆ ಅಕ್ಕ ತಮ್ಮ ಇಬ್ರೂ ಬಸ್ ಹತ್ರಿ."

ಮರುದಿನದಿಂದ ಮದ್ಯದ ಪ್ಯಾಕೆಟ್ ತಂದುಕೊಟ್ಟವಳು ನಾನೇ. ಅರ್ಧ ಕೆಲಸಕ್ಕೆ ಮುಂಚೆ, ಅರ್ಧ ಊಟದ ಹೊತ್ತಿಗೆ, ಔಷಧಿಯಂತೆ ಲೋಟಕ್ಕೆ ಅಳೆದು ಕೊಡುತ್ತಿದ್ದೆ. ಇಟ್ಟಿಗೆ ನೆಟ್ಟಗಾದವು. ನನಗೆ ಜಂಬವೂ ಆಗಿತ್ತು.

ಒಂದು ದಿನ ಮಣ್ಣು ತುಳಿಯುತ್ತಲೇ ಅವನು ಅಂದ: "ಅಕ್ಕಾ, ತಲೆ ಒಳಗೆ ಯಾರೋ ಬೈತಾನೇ ಇರ್ತಾರೆ. ಸುಮ್ನೆ ಕೂರಾಕೂ ಬಿಡಲ್ಲ. ಇದನ್ನ ಬಿಡ್ಬೇಕು ಕಣಕ್ಕ. ನನ್ನೊಬ್ನ ಕೈಲಿ ಆಗಂಗಿಲ್ಲ."

"ಈ ಸಲದ ಇಟ್ಟಿಗೆ ಕೊಯ್ದು ಮುಗ್ದು ಭಟ್ಟಿಗೆ ಬೆಂಕಿ ಬೀಳ್ಲಿ, ಆಮೇಲೆ ನೋಡಾನ," ಅಂದೆ.

ಆ ವಾರವೇ ಆಸ್ಪತ್ರೆಯವರು ಭಟ್ಟಿಗೆ ಬಂದರು. ನರ್ಸಮ್ಮ ಅವನ ಕೈ ಹಿಡಿದು, "ಕುಡಿತೀಯೇನಪ್ಪಾ? ನಿದ್ದೆ ಹೆಂಗೈತೆ?" ಎಂದು ಕೇಳಿದರು. ತಮ್ಮ ಬಾಯಿ ತೆರೆದ. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ.

"ಇಲ್ರೀ ಮೇಡಂ, ನಮ್ಮ ಹುಡುಗ್ನಿಗೆ ಅಂಥಾ ಚಟ ಇಲ್ಲ. ಬಿದ್ರೆ ಹೆಣ, ಅಂಥಾ ನಿದ್ದೆ," ಎಂದೆ ನಾನು. ಎಲ್ಲರೂ ನಕ್ಕರು. ಅವನು ಬಾಯಿ ಮುಚ್ಚಿಕೊಂಡ. ನರ್ಸಮ್ಮ ರಕ್ತ ಆಗುವ ಗುಳಿಗೆ ಕೊಟ್ಟು ಮುಂದಿನ ಜೋಡಿಯ ಕಡೆ ಹೋದರು.

ಆಮೇಲೆ ಅವನು ಬಿಡುವ ಮಾತೇ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಈ ವರ್ಷ ಅಚ್ಚು ಹಿಡಿದಲ್ಲೇ ಫಿಟ್ಸ್ ಬಂದು ಬಿದ್ದ. ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಪ್ರಜ್ಞೆ ಬಂದ ಮೇಲೆ ಡಾಕ್ಟರು, "ಎಷ್ಟು ವರ್ಷದಿಂದ ಕುಡಿತಿದ್ದೀಯಪ್ಪಾ?" ಎಂದು ಕೇಳಿದರು. ಅವನು ನನ್ನ ಮುಖ ನೋಡಿದ.

"ಅಕ್ಕನ್ನ ಕೇಳ್ರಿ ಸಾರ್."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳೆದುಕೊಟ್ಟದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ಅವನೆದುರೇ ಹೇಳಿದೆ. ಅವನು ಬೇರೆ ಯಾರದೋ ಸುದ್ದಿ ಕೇಳುವವನಂತೆ ಮಲಗಿದ್ದ.

ಈಗ ಊರಲ್ಲಿದ್ದೇವೆ. ಕುಡಿತ ಬಿಟ್ಟಿದ್ದಾನೆ. ಡಾಕ್ಟರು ಕೊಟ್ಟ ಗುಳಿಗೆ ಅವನ ತಲೆದಿಂಬಿನ ಪಕ್ಕದಲ್ಲೇ ಇದ್ದರೂ ತಾನಾಗಿ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದವನು ಸುಮ್ಮನೆ ನನ್ನತ್ತ ಕೈ ಚಾಚುತ್ತಾನೆ, ಭಟ್ಟಿಯಲ್ಲಿ ಲೋಟಕ್ಕೆ ಚಾಚುತ್ತಿದ್ದ ಹಾಗೆಯೇ.