ಸೋಮೋಯೆಯ ಕೈವಾಸನೆ

ನಮ್ಮ ಲಾಮು ದ್ವೀಪದ ಓಣಿಗಳಲ್ಲಿ ಎದುರಿನಿಂದ ಕತ್ತೆ ಬಂದರೆ ಮನುಷ್ಯರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಇಂಥ ಊರಲ್ಲಿ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ನನ್ನ ಮನೆಗೂ ಸೋಮೋಯೆಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವಳ ಅಡುಗೆಮನೆ ಮಾಳಿಗೆಯ ಮೇಲೆ, ತೆಂಗಿನ ಗರಿಯ ಚಪ್ಪರದ ಕೆಳಗೆ. ನಾನು ಕೂತು ಟೋಪಿ ಹೊಲಿಯುವ ಕಿಟಕಿ ಅದಕ್ಕೆ ಸರಿಯಾಗಿ ಎದುರು. ಶುಕ್ರವಾರದ ನಮಾಜಿಗೆ ಹಾಕಿಕೊಳ್ಳುವ ಬಿಳಿ ಟೋಪಿಗೆ ಹುರಿದ ಮೀನಿನ ವಾಸನೆ ಹತ್ತಿದರೆ ಕೊಳ್ಳುವವರು ಯಾರು? ಹಾಗಾಗಿ ಮೂವತ್ತು ವರ್ಷ, ದಿನಾ ಸಂಜೆ ಅವಳ ಎಣ್ಣೆ ಚುರುಗುಟ್ಟಿದ ಕೂಡಲೇ ನಾನು ಕಿಟಕಿಯನ್ನು ದಢಾರನೆ ಮುಚ್ಚುತ್ತಿದ್ದೆ. ಅವಳಿಗೆ ಕೇಳಿಸಲಿ ಎಂದೇ ಮುಚ್ಚುತ್ತಿದ್ದೆ. ನನ್ನ ಬಾಯಿ ಜೋರು, ಕೈಯೂ ಜೋರು. ಈ ಕಥೆಯಲ್ಲಿ ಅದನ್ನು ಮುಚ್ಚಿಟ್ಟು ನಾನು ಒಳ್ಳೆಯವಳಾಗುವುದು ಬೇಡ.

ನಮ್ಮ ಮಾತಿನಲ್ಲಿ ಮೀನಿನ ನಾತಕ್ಕೇ ಒಂದು ಬೇರೆ ಹೆಸರಿದೆ: ಶೋಂಬೊ. ಕೈಗೆ, ಚೂರಿಗೆ, ಪಾತ್ರೆಗೆ ಹತ್ತಿಕೊಂಡು, ತೊಳೆದರೂ ಬಿಡದ ವಾಸನೆ ಅದು. ಸೋಮೋಯೆ ಏಳು ವರ್ಷದವಳಿದ್ದಾಗ ಕುರಾನ್ ಶಾಲೆಯಲ್ಲಿ ನಾವು ಹುಡುಗಿಯರು ಅವಳಿಗೆ ಇಟ್ಟ ಹೆಸರೂ ಅದೇ. ಅಪ್ಪ ಬಲೆ ಬೀಸುವವನು, ಅಮ್ಮ ಓಣಿಯ ಬಾಯಲ್ಲಿ ಮೀನು ಹುರಿದು ಮಾರುವವಳು. ಮಗಳಿಂದ ಮಲ್ಲಿಗೆ ಘಮ ಎಲ್ಲಿಂದ ಬರಬೇಕು? ಅವಳ ಮದುವೆಯ ಹೊತ್ತಿಗೆ ಗಂಡಿನ ಕಡೆಯ ಹೆಂಗಸರು ಏಳು ದಿನ ಅವಳ ಕೈಗೆ ನಿಂಬೆಹಣ್ಣು ತಿಕ್ಕಿಸಿ, ದಿನಾ ಮೂಸಿ ನೋಡಿ, ಆಮೇಲೆಯೇ ಮದರಂಗಿ ಹಚ್ಚಲು ಬಿಟ್ಟರು. ಗಂಡ ಮಾತ್ರ ಬಂಗಾರದಂಥವನು. ಅವನ ದೋಣಿ ಸಮುದ್ರದಿಂದ ಮರಳಿ ಬಾರದಾಗ ಮಗ ಅಥ್ಮಾನನಿಗೆ ನಾಲ್ಕು ವರ್ಷ. ವಿಧವೆ ಕೂರಬೇಕಾದ ನಾಲ್ಕು ತಿಂಗಳು ಹತ್ತು ದಿನ ಒಳಗೆ ಕೂತು, ಮರುದಿನ ಬೆಳಿಗ್ಗೆ ಸೋಮೋಯೆ ಅಮ್ಮನ ಕಡಾಯಿಯನ್ನು ಒಲೆಗೇರಿಸಿದಳು.

ಮೀನು ಹುರಿಯುವವಳೇ ಆದರೂ ಅವಳ ಪಾತ್ರೆಗಳನ್ನು ನೀವು ನೋಡಬೇಕಿತ್ತು. ಕಡಾಯಿ ಇನ್ನೂ ಬೆಚ್ಚಗಿರುವಾಗಲೇ ತೆಂಗಿನ ನಾರಿಗೆ ಬೂದಿ ಅದ್ದಿ ಉಜ್ಜುತ್ತಿದ್ದಳು. ಆರಿದ ಮೇಲೆ ಉಜ್ಜಿದರೆ ನಾತ ಲೋಹದೊಳಗೆ ಮಲಗಿಬಿಡುತ್ತದೆ ಎನ್ನುವಳು. ಆಮೇಲೆ ನಿಂಬೆ ಹೋಳಿಗೆ ಉಪ್ಪು, ಆಮೇಲೆ ಹುಣಸೆ ಹಾಕಿ ಕುದಿಸಿದ ನೀರು, ಕೊನೆಗೆ ಮಾಳಿಗೆಯ ಬಿಸಿಲು. ಚೂರಿಗೆ ನಿಂಬೆ ಸಿಪ್ಪೆ. ಮರದ ಸೌಟು ಮಾತ್ರ ಹಟಮಾರಿ, ಅದನ್ನು ಒಣಗಿದ ಕಾಫಿ ಚರಟದಲ್ಲಿ ಎರಡು ದಿನ ಹೂತಿಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಒಂದು ಸಣ್ಣ ಪಾತ್ರೆಯಲ್ಲಿ ನೀರಿಗೆ ಲವಂಗ ಹಾಕಿ ಕುದಿಯಲು ಬಿಡುವಳು. ಮದುವೆ ಮನೆಗಳಿಗೆ ಪುಲಾವಿನ ದೊಡ್ಡ ಪಾತ್ರೆ ಬೇಕಾದಾಗ ಹೆಂಗಸರು ಹತ್ತು ಮನೆಯ ಪಾತ್ರೆ ಮೂಸಿ ನೋಡಿ ಕೊನೆಗೆ ಅವಳದ್ದನ್ನೇ ಒಯ್ಯುತ್ತಿದ್ದರು. ಪಾತ್ರೆಯಿಂದ ನಾತ ತೆಗೆಯಬಲ್ಲವಳಿಗೆ ತನ್ನ ಕೈಯಿಂದ ತೆಗೆಯಲು ಬರಲಿಲ್ಲ. ಅಥವಾ ಹೋಗಿತ್ತೋ ಏನೋ, ಅವಳಿಗೆ ನಂಬಿಕೆ ಬರಲಿಲ್ಲ. ಯಾರ ಮನೆಯ ಹಸುಗೂಸನ್ನೂ ಅವಳು ಎತ್ತಿಕೊಂಡವಳಲ್ಲ. ನನ್ನ ಮಕ್ಕಳು ಹುಟ್ಟಿದಾಗಲೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿ ನೋಡಿ, ಹರಸಿ ಹೋದಳು. ಅಂದು ನಾನೂ ಎತ್ತಿಕೊಳ್ಳೇ ಅನ್ನಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಥ್ಮಾನ್ ದೊಡ್ಡವನಾಗಿ ಸರಕಿನ ಹಾಯಿಹಡಗು ಸೇರಿದ. ಎದುರು ದಡದ ವಿಟು ಕಡೆಯಿಂದ ತಿಮಾ ಎಂಬ ಹುಡುಗಿಯನ್ನು ಮದುವೆಯಾಗಿ ಬಂದ. ತಿಮಾ ಮಾತು ಕಡಿಮೆ, ನಗು ಜಾಸ್ತಿ. ಅತ್ತೆಯನ್ನು ಮೊದಲ ದಿನದಿಂದ ಅಮ್ಮ ಎಂದೇ ಕರೆದಳು. ಅವಳ ಮೊದಲ ಬಸಿರು ಮೂರು ತಿಂಗಳಿಗೆ ಜಾರಿತು. ಎರಡನೆಯದು ಎಂಟು ತಿಂಗಳು ತುಂಬಿ, ಉಸಿರಿಲ್ಲದೆ ಹುಟ್ಟಿತು. ಗಂಡುಮಗು, ತಲೆ ತುಂಬ ಕೂದಲು. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ನಾನು ಮತ್ತು ಸೋಮೋಯೆ ಅದನ್ನು ತೊಳೆದು ಬಿಳಿ ಬಟ್ಟೆ ಸುತ್ತಿದೆವು. ಸೋಮೋಯೆ ಮಣ್ಣಿನ ಕುಡಿಕೆಯಲ್ಲಿ ಕೆಂಡ ಹಾಕಿ ಲೋಬಾನ ಉದುರಿಸಿದಳು. ಹೊಗೆ ಮನೆಯೆಲ್ಲ ತುಂಬಿತು. ಅಥ್ಮಾನ್ ಆ ಚಿಕ್ಕ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಒಂದೂವರೆ ವರ್ಷದ ಮೇಲೆ ತಿಮಾ ಮತ್ತೆ ಬಸುರಿಯಾದಳು. ಅಥ್ಮಾನ್ ಆಗ ಹಡಗಿನ ಮೇಲೆ ದೂರದಲ್ಲಿದ್ದ. ಮೊದಮೊದಲು ವಾಂತಿ. ಅದು ಎಲ್ಲರಿಗೂ ಆಗುವಂಥದ್ದೇ. ಆದರೆ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದನ್ನು ಸೋಮೋಯೆ ನೋಡಿಬಿಟ್ಟಳು. ಸಾಕಲ್ಲ. ಐವತ್ತು ವರ್ಷ ಯಾವ ಮಾತು ಕೇಳಿಕೊಂಡು ಬಂದಿದ್ದಳೋ ಅದು ಈಗ ಸೊಸೆಯ ಮುಖದಲ್ಲೂ ಕಂಡಿತು. ಯಾರನ್ನೂ ಏನೂ ಕೇಳದೆ ಒಲೆ ಕಡಾಯಿ ಎಲ್ಲ ಹೊತ್ತು ಕಡಲಕಟ್ಟೆಯ ಬೇವಿನ ಮರದ ಕೆಳಗೆ ಹುರಿಯಲು ಕೂತಳು. ಮರದ ಸೌಟುಗಳನ್ನೆಲ್ಲ ಸುಟ್ಟಳು. ಚಪ್ಪರದ ಹಳೆಯ ಗರಿ ಕಿತ್ತು ಹೊಸದು ಹೊದಿಸಿದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಉಳಿದ ನಾತವೂ ಹೋಗಲೆಂದು ಕುಡಿಕೆ ತುಂಬ ಲೋಬಾನ ಹಾಕಿದಳು. ಅಗರು ಸಿರಿವಂತರ ಮನೆಯದು. ನಮ್ಮಂಥವರಿಗೆ ಲೋಬಾನವೇ ಸುಗಂಧ.

ತಿಮಾಳ ವಾಂತಿ ನಿಲ್ಲಲಿಲ್ಲ. ನಾಲ್ಕು ತಿಂಗಳಾದರೂ ನಿಲ್ಲಲಿಲ್ಲ. ಸೋಮೋಯೆ ಇನ್ನಷ್ಟು ಉಜ್ಜಿದಳು, ಇನ್ನಷ್ಟು ಹೊಗೆ ಹಾಕಿದಳು. ಇಲಿ ಬಂತೆಂದು ಮನೆಗೇ ಬೆಂಕಿ ಹಚ್ಚುತ್ತೀಯೇನೇ ಎಂದು ನಾನು ಗೋಡೆಯಾಚೆಯಿಂದ ಬೈದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನು ಉಳಿದಿರುವುದು ತನ್ನ ಮೈವಾಸನೆಯೇ ಎಂದುಕೊಂಡು ಕೆಳಗಿನ ಬಾಗಿಲ ಬಳಿ ಚಾಪೆ ಹಾಸಿಕೊಂಡು ಮಲಗತೊಡಗಿದಳು. ಸೊಸೆಯೊಂದಿಗೆ ಮಾತಾಡಬೇಕಾದರೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗುವಳು. ಹೊಗೆ ಹಾಕಲು ಮಾತ್ರ ಮೂಗಿನವರೆಗೆ ಬಟ್ಟೆ ಸುತ್ತಿಕೊಂಡು ಮೇಲೆ ಹೋಗಿ, ಕುಡಿಕೆ ಇಟ್ಟು, ಕಳ್ಳಿಯಂತೆ ಇಳಿದು ಬರುವಳು. ಗಂಜಿ ನಾನು ಮಾಡಿ ಒಯ್ಯುತ್ತಿದ್ದೆ. ತಿಮಾ ಎರಡು ಚಮಚ ತಿನ್ನುವಳು. ಸಂಜೆಯ ಹೊತ್ತಿಗೆ ಅದೂ ಹೊರಗೆ ಬರುತ್ತಿತ್ತು.

ಆಸ್ಪತ್ರೆಯ ದಾದಿ ತೂಕ ನೋಡಿ ಮುಖ ಗಂಟು ಹಾಕಿದಳು. ಮಗು ಬೆಳೆಯುತ್ತಿಲ್ಲ, ತಾಯಿ ಹೀಗೇ ಉಪವಾಸ ಬಿದ್ದರೆ ಇದೂ ಉಳಿಯುವುದು ಕಷ್ಟ ಎಂದಳು. ಅಂದು ಸೋಮೋಯೆ ನನ್ನ ಮನೆಗೆ ಬಂದು, ಹೊಸ್ತಿಲ ಹೊರಗೇ ನಿಂತು, ಇನ್ನು ತಾನು ಈ ಮನೆಯಲ್ಲೇ ಇರುವುದಿಲ್ಲ, ಪಾಟೆ ದ್ವೀಪದ ತಂಗಿಯ ಮನೆಗೆ ಹೋಗುತ್ತೇನೆ, ಹೆರಿಗೆ ಆಗುವವರೆಗೆ ಹುಡುಗಿಯನ್ನು ನೀನೇ ನೋಡಿಕೊಳ್ಳಬೇಕು ಎಂದಳು. ಈ ವಾರದ ದೋಣಿಗೇ ಹೊರಡುವುದೆಂದೂ ನಿಶ್ಚಯಿಸಿದ್ದಳು. ಹೂಂ ಎಂದೆ.

ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ. ದೋಣಿ ಹೊರಡಬೇಕಿದ್ದ ಹಿಂದಿನ ದಿನ ತೆಂಕಣ ಗಾಳಿ ಎದ್ದಿತು. ಮಟಮಟ ಮಧ್ಯಾಹ್ನ ಮಳೆ ಹೊಡೆದು ಅವಳ ಒಲೆಯ ಕೆಂಡವೆಲ್ಲ ಆರಿಹೋಯಿತು. ಕಡಾಯಿ ಹೊತ್ತುಕೊಂಡು, ತೊಳೆಯದೆ, ತೊಯ್ದು ತೊಪ್ಪೆಯಾಗಿ ಮನೆಗೆ ಬಂದಳು. ನಾನು ಮೇಲೆ ತಿಮಾಳ ಪಕ್ಕ ಕೂತಿದ್ದೆ. ಏ ಬಾರ್ಕೆ, ಒಂದಿಷ್ಟು ಬೂದಿ, ಎರಡು ನಿಂಬೆಹಣ್ಣು ಕೆಳಗೆ ಹಾಕೇ ಎಂದು ಮೆಟ್ಟಿಲ ಬುಡದಿಂದ ನನ್ನ ಹೆಸರು ಹಿಡಿದು ಕೂಗಿದಳು. ನಾನು ಏಳುವಷ್ಟರಲ್ಲಿ ತಿಮಾ ಎದ್ದಾಗಿತ್ತು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದಳು. ಬೀಳುತ್ತಾಳೆಂದು ನಾನೂ ಹಿಂದೆಯೇ ಇಳಿದೆ. ಸೋಮೋಯೆ ಕಡಾಯಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗೋಡೆಗೆ ಅಂಟಿ ನಿಂತಳು, ಕತ್ತೆಗೆ ದಾರಿ ಬಿಟ್ಟವರ ಹಾಗೆ.

ತಿಮಾ ಅವಳ ಹಿಂದೆ ಕೈ ಹಾಕಿ ಕಡಾಯಿ ಎಳೆದುಕೊಂಡಳು. ತಳದಲ್ಲಿ ಅರೆಬೆಂದ ಒಂದು ಅಂಜಲ್ ಮೀನಿನ ತುಂಡು ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಕಿತ್ತು, ಅಲ್ಲೇ ನಿಂತು, ಮುಳ್ಳು ಬಿಟ್ಟು ಪೂರ್ತಿ ತಿಂದಳು. ಆಮೇಲೆ ಕಡಾಯಿಯ ಅಂಚಿನ ಖಾರದ ಕರಕನ್ನು ಬೆರಳಿಂದ ಬಳಿದು ನೆಕ್ಕಿದಳು. ನಾವಿಬ್ಬರೂ ಬಾಯಿ ತೆರೆದು ನೋಡುತ್ತ ನಿಂತೆವು. ಈಗ ವಾಂತಿ, ಇನ್ನೇನು ಈಗ ಎಂದು ಕಾದೆವು. ಏನೂ ಬರಲಿಲ್ಲ.

ಸೋಮೋಯೆಗೆ ಗಾಬರಿ. ಮೀನಿನ ನಾತ ಏಳುವ ಮೊದಲೇ ಹೊಗೆ ಹಾಕಬೇಕೆಂದು ಮೂಲೆಯಲ್ಲಿದ್ದ ಕುಡಿಕೆಗೆ ಕೈ ಹಾಕಿದಳು. ತಿಮಾ ಎಣ್ಣೆ ಕೈಯಲ್ಲೇ ಅವಳ ಮಣಿಕಟ್ಟು ಹಿಡಿದಳು.

"ಅದು ಬೇಡಮ್ಮ."

"ನಾತ ಹೋಗ್ಬೇಡ್ವಾ ಮಗಳೇ? ಆಮೇಲೆ ತಿಂದಿದ್ದೆಲ್ಲ ಕಕ್ಕೊಳ್ತೀಯ."

"ಮೀನಿಂದಲ್ಲಮ್ಮ. ಆ ಹೊಗೆಯಿಂದ." "ಅದು ಬಂದ್ರೆ ಪಕ್ಕದ ಕೋಣೇಲಿ ಮಗೂನ ತೊಳೀತಿದ್ದೀರ ಅನ್ಸುತ್ತೆ. ದಿನಾ ಎರಡು ಸಲ. ಹೊಟ್ಟೇಲಿರೋದನ್ನೂ ತೊಳೀತಾರೆ ಅನ್ಸುತ್ತೆ."

ಆ ದಿನ ನಾನೂ ಆ ಕೋಣೆಯಲ್ಲಿದ್ದವಳು. ಆ ಹೊಗೆ ನನ್ನ ಮೂಗಿಗೂ ಬಡಿದಿತ್ತು. ಅಷ್ಟು ದಿನ ಗಂಜಿ ತಂದು ಅದೇ ಹೊಗೆಯಲ್ಲಿ ಕೂತು ಅವಳಿಗೆ ತಿನ್ನಿಸುತ್ತಿದ್ದವಳಿಗೆ ಹೊಳೆಯಲಿಲ್ಲವಲ್ಲ. ವಾಂತಿ ಸಂಜೆಯ ಹೊಗೆ ಎದ್ದ ಮೇಲೆಯೇ ಆಗುತ್ತಿತ್ತು ಎಂಬುದೂ ಹೊಳೆಯಲಿಲ್ಲ.

ಸೋಮೋಯೆ ಮೆಟ್ಟಿಲ ಮೇಲೆ ಕೂತಳು. "ಮೊದಲೇ ಯಾಕೆ ಹೇಳ್ಲಿಲ್ಲ ಕಂದಾ?" ಎಂದಳು.

"ನೀವು ನನಗೋಸ್ಕರ ಹಾಕ್ತಿದ್ರಿ. ಬೇಡ ಅಂತ ಹೆಂಗೆ ಹೇಳ್ಲಿ? ಬಾಯಿ ಬಿಟ್ಟು ಹೇಳಿದ್ರೆ ಹಂಗೇ ಆಗ್ಬಿಟ್ರೆ ಅಂತಾನೂ ಭಯ ಇತ್ತು."

"ಮತ್ತೆ ಈ ಮೀನು? ಈ ನನ್ನ ಕೈ?"

"ಮೊದಮೊದಲು ಯಾವ ವಾಸನೆಯೂ ಆಗ್ತಿರ್ಲಿಲ್ಲ, ಅದು ಆಮೇಲೆ ಹೋಯ್ತು. ಮೀನಿನ ವಾಸನೆ ಬಂದ್ರೆ ನೀವು ಮನೇಲಿದ್ದೀರ ಅಂತ ಗೊತ್ತಾಗ್ತಿತ್ತು ಅಮ್ಮ. ಇಷ್ಟು ದಿನ ಅದೂ ಇರ್ಲಿಲ್ಲ."

ಸೋಮೋಯೆ ತನ್ನ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಬೇರೆ ಯಾರದ್ದೋ ಎಂಬಂತೆ. ಆಮೇಲೆ ಅದರಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ, ಮೂಗೊರೆಸಿಕೊಂಡು, ನನ್ನ ಕಡೆ ತಿರುಗಿದಳು.

"ಕೇಳಿಸ್ಕೊಂಡ್ಯೇನೇ, ಕಿಟಕಿ ಮುಚ್ಚೋಳೇ?"

ಕೇಳಿಸಿಕೊಂಡಿದ್ದೆ. ಪಾಟೆಯ ದೋಣಿ ಮರುದಿನ ಅವಳನ್ನು ಬಿಟ್ಟೇ ಹೋಯಿತು.

ಈಗ ಲೋಬಾನದ ವಾಸನೆ ತೆಗೆಯುವ ಕೆಲಸ. ಅದು ಶೋಂಬೊಗಿಂತ ಹಟಮಾರಿ. ನಮ್ಮ ಗೋಡೆಗಳು ಸಮುದ್ರದ ಹವಳಕಲ್ಲಿನವು, ಮೇಲೆ ಸುಣ್ಣ. ಹೊಗೆಯನ್ನು ನೀರಿನಂತೆ ಕುಡಿದು ಕೂತಿದ್ದವು. ನಾವಿಬ್ಬರೂ ನಿಂಬೆ, ವಿನೆಗರು, ಬೂದಿನೀರು ಎಲ್ಲ ಹಾಕಿ ತಿಕ್ಕಿದೆವು. ಹೊಸ ಸುಣ್ಣ ಬಳಿಸಿದೆವು. ಒದ್ದೆ ಗಾಳಿ ಬೀಸಿದ ಕೂಡಲೇ ಗೋಡೆಯೊಳಗಿಂದ ಮತ್ತೆ ಸಣ್ಣಗೆ ಏಳುತ್ತಿತ್ತು. ತಿಮಾ ಬೆವರುತ್ತಿದ್ದಳು. ಸೋಮೋಯೆ ಸೊಂಟಕ್ಕೆ ಕೈಕೊಟ್ಟು ಆ ಗೋಡೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ಆಮೇಲೆ ಕೆಳಗಿಳಿದು ಹೋಗಿ ಒಲೆ, ಕಡಾಯಿ, ಎಣ್ಣೆ ಎಲ್ಲ ಮೇಲಕ್ಕೆ ತಂದಳು. ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಅಡುಗೆಮನೆಯಲ್ಲಿ, ಆ ಸಣ್ಣ ಕೋಣೆಯ ಬಾಗಿಲಲ್ಲೇ ಕೂತು, ಒಣಗಿದ ಶಾರ್ಕ್ ಮೀನನ್ನು ಹುರಿದಳು. ಇಡೀ ಓಣಿ ಶಾಪ ಹಾಕಿತು. ಮಸೀದಿಯ ಮುದುಕರು ಮೂಗು ಹಿಡಿದು ನಡೆದರು. ನನ್ನ ಒಂದು ಡಜನ್ ಟೋಪಿ ಹಾಳಾದವು. ತಿಮಾ ಪಕ್ಕದಲ್ಲಿ ಕೂತು ಮರಗೆಣಸಿನ ಜೊತೆ ಬಿಸಿಬಿಸಿಯಾಗಿ ತಿಂದಳು. ಜೀವಮಾನವೆಲ್ಲ ಪಾತ್ರೆಯಿಂದ ಮೀನಿನ ನಾತ ತೆಗೆದವಳು ಮೀನಿನ ನಾತದಿಂದಲೇ ಮನೆ ತೊಳೆದಳು.

ಹೆಣ್ಣುಮಗು ಹುಟ್ಟಿತು. ಬಡಕಲು, ಆದರೆ ಗಂಟಲು ನನ್ನ ಹಾಗೆ. ನಲವತ್ತನೇ ದಿನ ಬಾಣಂತಿಗೂ ಮಗುವಿಗೂ ಧೂಪ ಹಾಕುವುದು ನಮ್ಮಲ್ಲಿ ಪದ್ಧತಿ. ಸೂಲಗಿತ್ತಿ ಹಾಗೆಂದೇ ಕುಡಿಕೆ ಹೊತ್ತು ಬಂದಳು. ಮನೆಗೆ ಬಂದವರನ್ನು ಎಂದೂ ತಡೆಯದ ಸೋಮೋಯೆ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಓಣಿಗಿಳಿದು, ಕೆಂಡಕ್ಕೆ ನೀರು ಸುರಿದು ಬಂದಳು. ಬಂದವಳೇ ಕಡಾಯಿಯ ಮುಂದೆ ಕೂತಳು. ಅಂದು ಬಂದವರಿಗೆಲ್ಲ ಮೀನೇ ಊಟ.

ಹುರಿಯುತ್ತಿರುವಾಗ ಒಳಗೆ ಮಗು ಅಳತೊಡಗಿತು. ಒಬ್ಬರ ನಂತರ ಒಬ್ಬರು ಎತ್ತಿಕೊಂಡರು, ನಾನೂ ಎತ್ತಿಕೊಂಡೆ. ಅಳು ನಿಲ್ಲಲಿಲ್ಲ. ತಿಮಾ ಮಗುವನ್ನು ಇಸಕೊಂಡು ನೇರ ಅಡುಗೆಮನೆಗೆ ಹೋದಳು. ಸೋಮೋಯೆ ಅವಸರದಲ್ಲಿ ನಿಂಬೆ ಹೋಳಿಗಾಗಿ ತಡಕಾಡಿದಳು, ತಡಿ ಕಂದಾ, ಕೈ ತೊಳ್ಕೊಳ್ತೀನಿ ಎಂದಳು.

"ತೊಳೀಬೇಡಿ," ಎಂದಳು ತಿಮಾ, ಮಗುವನ್ನು ಅವಳ ಮಡಿಲಿಗೆ ಹಾಕಿದಳು.

ಅರವತ್ತು ವರ್ಷದಲ್ಲಿ ಅವಳು ಸ್ವಂತ ಮಗನನ್ನು ಬಿಟ್ಟು ಎತ್ತಿಕೊಂಡ, ಉಸಿರಾಡುವ ಮೊದಲ ಕೂಸು ಅದು. ಎಣ್ಣೆ, ಉಪ್ಪು, ಮೀನು ಮೆತ್ತಿದ ಬೆರಳನ್ನು ಅದು ಗಟ್ಟಿಯಾಗಿ ಹಿಡಿದುಕೊಂಡು, ಮೂಗಿನ ಹತ್ತಿರ ಎಳೆದುಕೊಂಡು, ಸುಮ್ಮನಾಯಿತು. ನನಗೆ ಮುಂದೆ ನೋಡಲಾಗಲಿಲ್ಲ. ಮನೆಗೆ ಬಂದು ಕಿಟಕಿಯ ಬಳಿ ಕೂತೆ. ಟೋಪಿಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ಕಿಟಕಿಯನ್ನು ತೆರೆದೇ ಇಟ್ಟೆ.